ಕಂಠ ಮುಂದೆ, ಬೆರಳು ಹಿಂದೆ: ಗಿಟಾರಿನಲ್ಲಿ ಮನೋಧರ್ಮವನ್ನು ಸಾಧಿಸುವ ಬಗೆ

ಗಿಟಾರು ಕೈಗೆ ಬಂದು ಒಂದೆರಡು ವರ್ಷ ಕಳೆದು, ನಾಲ್ಕಾರು ಕಾರ್ಡುಗಳನ್ನು ತಡವರಿಸದೆ ಬದಲಾಯಿಸುವ ಮಟ್ಟಿಗೆ ಬೆರಳು ಪಳಗಿ, ಹಾಡುವವರ ಹಿಂದೆ ಕುಳಿತು ತಾಳ ತಪ್ಪದೆ ತಂತಿ ಮೀಟುವುದು ರೂಢಿಯಾದ ಮೇಲೆ, ತರುಣ ವಾದಕನ ಮನಸ್ಸಿನಲ್ಲಿ ಒಂದು ಆಕಾಂಕ್ಷೆ ಮೊಳೆಯುವುದು ಸಹಜವೇ ಸರಿ: ಹಾಡಿನ ಎರಡು ಚರಣಗಳ ನಡುವಣ ಬಿಡುವಿನಲ್ಲಿ, ಮೊದಲೇ ಬಾಯಿಪಾಠ ಮಾಡಿಟ್ಟುದನ್ನು ಬಿಟ್ಟು, ಆ ಗಳಿಗೆಯಲ್ಲಿ ತನಗೆ ಹೊಳೆದುದನ್ನು ನುಡಿಸಬೇಕು; ಹಾಗೆ ನುಡಿಸಿದುದು ಬರಿಯ ಬೆರಳಿನ ಓಟವಾಗದೆ, ಕೇಳಿದವರು ಮನೆಗೆ ಹೋಗುವಾಗ ಗುನುಗಿಕೊಳ್ಳಬಹುದಾದ ಒಂದು ಧಾಟಿಯಾಗಿ ನಿಲ್ಲಬೇಕು. ಪಾಶ್ಚಾತ್ಯರು ಸೋಲೋ ಎಂದು ಕರೆಯುವ ಈ ಏಕವಾದನವು ನಮ್ಮ ಸಂಗೀತಗಾರರಿಗೆ ಮನೋಧರ್ಮವೆಂದೂ ಬಢತ್ ಎಂದೂ ಬಹುಕಾಲದಿಂದ ಪರಿಚಿತವಾದ ವ್ಯಾಪಾರವೇ ಆಗಿದೆ.

ಈ ಆಕಾಂಕ್ಷೆಗೆ ಈಗ ಎಲ್ಲೆಡೆ ಸುಲಭವಾಗಿ ದೊರೆಯುವ ಉಪದೇಶವೆಂದರೆ ಐದು ಸ್ವರಗಳ ಒಂದು ಚೌಕಟ್ಟು. ಐದನೆಯ ಮೆಟ್ಟಿನಿಂದ ಎಂಟನೆಯ ಮೆಟ್ಟಿನವರೆಗೆ, ಆರು ತಂತಿಗಳ ಮೇಲೆ ತಂತಿಗೆ ಎರಡರಂತೆ ಹನ್ನೆರಡು ಚುಕ್ಕೆಗಳನ್ನಿಟ್ಟು ತೋರಿಸುವ ‘ಎ ಮೈನರ್ ಪೆಂಟಟಾನಿಕ್’ ಎಂಬ ಆ ನಕ್ಷೆಯನ್ನು ಕಂಠಸ್ಥ ಮಾಡಿಕೊಂಡವನು, ಆ ಚುಕ್ಕೆಗಳೊಳಗೆ ಎಲ್ಲಿ ಬೆರಳಿಟ್ಟರೂ ಅಪಸ್ವರವಾಗದೆಂಬ ಧೈರ್ಯದಿಂದ ಮೇಲೆ ಕೆಳಗೆ ಓಡಾಡತೊಡಗುತ್ತಾನೆ. ಅಪಸ್ವರವೇನೋ ಆಗುವುದಿಲ್ಲ, ಆದರೆ ಮೂರು ತಿಂಗಳ ತರುವಾಯವೂ ಅವನ ವಾದನವು ಆ ಹನ್ನೆರಡು ಚುಕ್ಕೆಗಳ ಪ್ರದಕ್ಷಿಣೆಯಾಗಿಯೇ ಉಳಿದಿರುತ್ತದೆ. ನಕ್ಷೆಯಲ್ಲಿ ಸುಳ್ಳಿಲ್ಲ. ಅದು ಕಣ್ಣಿಗೆ ಪಾಠ ಹೇಳುತ್ತದೆ, ಕಿವಿಯ ಗೊಡವೆಗೆ ಹೋಗುವುದಿಲ್ಲವೆಂಬುದೇ ಅದರ ಕೊರತೆ.

ಮುಂಡರಗಿಯ ಕಡೆಯ ಓದುಗನಿಗೆ ಈ ಕೊರತೆಯನ್ನು ನೀಗಿಕೊಳ್ಳುವ ಮಾರ್ಗವನ್ನು ದೂರದೇಶದಿಂದ ತರಿಸಬೇಕಾದ ಅಗತ್ಯವಿಲ್ಲ. ಸುಮಾರು 40 ಕಿ.ಮೀ. ದೂರದ ಗದುಗಿನಲ್ಲಿರುವ ವೀರೇಶ್ವರ ಪುಣ್ಯಾಶ್ರಮವು, ಪಂಚಾಕ್ಷರಿ ಗವಾಯಿಗಳ (1892–1944) ಕಾಲದಿಂದಲೂ, ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳ (1914–2010) ಸುದೀರ್ಘ ಜೀವಿತದಲ್ಲಿಯೂ, ಕಣ್ಣಿಲ್ಲದ ಮಕ್ಕಳಿಗೆ ಸಂಗೀತವನ್ನು ಧಾರೆಯೆರೆದ ಸ್ಥಳ. ಈ ಗುರುಶಿಷ್ಯರಿಬ್ಬರೂ ಸ್ವತಃ ಅಂಧರಾಗಿದ್ದರು. ನೋಡಲಾಗದವನಿಗೆ ನಕ್ಷೆ ತೋರಿಸುವುದೆಂತು? ಸ್ವರವನ್ನು ಕೇಳಿಸಿ, ಕೇಳಿದುದನ್ನು ಹಾಡಿಸಿ, ಹಾಡಿದುದನ್ನು ವಾದ್ಯದಲ್ಲಿ ಹುಡುಕಿಸುವುದಲ್ಲದೆ ಅಲ್ಲಿ ಅನ್ಯಮಾರ್ಗವಿರಲಿಲ್ಲ; ಮತ್ತು ಅದೇ ಮಾರ್ಗದಲ್ಲಿ ನಡೆದ ಪುಟ್ಟರಾಜರು ಗಾಯನವನ್ನಲ್ಲದೆ ಹಾರ್ಮೋನಿಯಂ, ಪಿಟೀಲು, ಸಾರಂಗಿ, ತಬಲಾ ಮೊದಲಾದ ಹಲವು ವಾದ್ಯಗಳನ್ನು ವಶಪಡಿಸಿಕೊಂಡರು. ಒಂದು ವಾದ್ಯದಿಂದ ಇನ್ನೊಂದಕ್ಕೆ ಅವರು ಕೊಂಡೊಯ್ದುದು ಬೆರಳಿನ ಸ್ಥಾನಗಳನ್ನಲ್ಲ, ಏಕೆಂದರೆ ಅವು ಪ್ರತಿಯೊಂದರಲ್ಲಿಯೂ ಬೇರೆ ಬೇರೆ. ಕೊಂಡೊಯ್ದುದು ಕಂಠದಲ್ಲಿ ನೆಲೆಸಿದ್ದ ಸ್ವರಜ್ಞಾನವನ್ನು. ಗಿಟಾರನ್ನು ಕಲಿಯುವವನು ಈ ಪದ್ಧತಿಯನ್ನೇ ಎರವಲು ಪಡೆಯಬೇಕೆಂಬುದು ಈ ಲೇಖನದ ಅಭಿಪ್ರಾಯ. ಹಾಡಲು ಬಾರದ ಧಾಟಿಯನ್ನು ನುಡಿಸಲು ಹೋಗಬಾರದು. ಕಂಠ ಮುಂದೆ, ಬೆರಳು ಅದರ ಹಿಂದೆ.

ಮೊದಲು ವಾದ್ಯವನ್ನು ಅಣಿಗೊಳಿಸಿಕೊಳ್ಳುವ ವಿಚಾರ. ಗಿಟಾರಿನ ಸಾಮಾನ್ಯ ಶ್ರುತಿಯಲ್ಲಿ ದಪ್ಪ ತಂತಿಯಿಂದ ಮೊದಲ್ಗೊಂಡು ಇ, ಎ, ಡಿ, ಜಿ, ಬಿ, ಇ ಎಂಬ ಸ್ವರಗಳಿರುತ್ತವೆಯಷ್ಟೆ. ಇದರಲ್ಲಿ ಅತ್ಯಂತ ದಪ್ಪವಾದ ಆರನೆಯ ತಂತಿಯೊಂದನ್ನು ಮಾತ್ರ ಇ ಯಿಂದ ಡಿ ಗೆ ಸಡಲಿಸಿದರೆ, ಕೆಳಗಿನ ಮೂರು ತಂತಿಗಳು ಡಿ, ಎ, ಡಿ ಎಂದು, ಅಂದರೆ ಡಿ ಯನ್ನು ಷಡ್ಜವೆಂದು ಹಿಡಿದಾಗ ಸಾ, ಪಾ, ಸಾ ಎಂದು ಮೊಳಗುತ್ತವೆ. ಹೀಗೆ ವಾದ್ಯದೊಳಗೇ ಒಂದು ತಂಬೂರಿ ದೊರೆತಂತಾಯಿತು. ಬೇರೆಯಾಗಿ ಎಲೆಕ್ಟ್ರಾನಿಕ್ ತಂಬೂರಿಯಾಗಲಿ, ಮೊಬೈಲಿನಲ್ಲಿ ಸಿಗುವ ತಂಬೂರಿಯಾಗಲಿ ಇದ್ದರೆ ಇನ್ನೂ ಲೇಸು. ಶ್ರುತಿಯ ಆಧಾರವಿಲ್ಲದೆ ಮಾಡುವ ಸ್ವರಾಭ್ಯಾಸದಲ್ಲಿ ಯಾವ ಸ್ವರಕ್ಕೂ ಅರ್ಥವಿರುವುದಿಲ್ಲ: ಅದೇ ಐದು ಸ್ವರಗಳು, ಹಿಂದೆ ಮೊಳಗುವ ಷಡ್ಜ ಯಾವುದೆಂಬುದನ್ನು ಅವಲಂಬಿಸಿ, ಭೂಪ್ ರಾಗವಾಗಬಹುದು, ಧಾನಿ ರಾಗವೂ ಆಗಬಹುದು. ಭೂಪಿನ ಧೈವತವನ್ನು ಷಡ್ಜವೆಂದು ಭಾವಿಸಿದೊಡನೆ ಧಾನಿ ಹುಟ್ಟುತ್ತದೆ. ಪಾಶ್ಚಾತ್ಯರು ಮೇಜರ್ ಪೆಂಟಟಾನಿಕ್, ಮೈನರ್ ಪೆಂಟಟಾನಿಕ್ ಎನ್ನುವ ಜೋಡಿಯ ಸಂಬಂಧವೂ ಇದೇ.

ಇನ್ನು ಸಾಧನೆ. ಆರು ತಂತಿಗಳನ್ನೂ ಒಮ್ಮೆಗೇ ಆಳಲೆತ್ನಿಸುವ ದುರಾಸೆಯನ್ನು ಬಿಟ್ಟು, ಎರಡನೆಯ ತಂತಿಯೊಂದನ್ನೇ ಹಿಡಿಯತಕ್ಕದ್ದು. ಡಿ ಷಡ್ಜವಾದಾಗ ಆ ತಂತಿಯ ಮೇಲೆ ಮೂರನೆಯ ಮೆಟ್ಟು ಷಡ್ಜ, ಐದನೆಯದು ಋಷಭ, ಏಳನೆಯದು ಗಾಂಧಾರ, ಹತ್ತನೆಯದು ಪಂಚಮ, ಹನ್ನೆರಡನೆಯದು ಧೈವತ, ಹದಿನೈದನೆಯದು ತಾರಷಡ್ಜ. ಬರಿದಂತಿಯು ಮಂದ್ರದ ಧೈವತ. ಇದೇ ಭೂಪ್, ದಾಕ್ಷಿಣಾತ್ಯರ ಮೋಹನ. ಒಂದೇ ತಂತಿಯ ಮೇಲೆ ಸ್ವರಗಳ ನಡುವಣ ಅಂತರವು ಕಣ್ಣಿಗೂ ಕೈಗೂ ಅಳತೆಯಾಗಿ ಸಿಗುವುದರಿಂದ, ಗಾಂಧಾರದಿಂದ ಪಂಚಮಕ್ಕೆ ಹಾರುವಾಗ ಕಂಠವು ಎಷ್ಟು ಏರುವುದೋ ಕೈಯೂ ಅಷ್ಟೇ ಸರಿಯುತ್ತದೆ. ಚೌಕಟ್ಟಿನ ಅಭ್ಯಾಸದಲ್ಲಿ ಈ ಅನುಭವ ದೊರೆಯುವುದಿಲ್ಲ. ಮೊದಲು ಶ್ರುತಿಯೊಡನೆ ಷಡ್ಜವನ್ನು ಹಾಡಿ ನಿಲ್ಲಿಸಬೇಕು. ಬಳಿಕ ಮೂರು ನಾಲ್ಕು ಸ್ವರಗಳ ಒಂದು ಚಿಕ್ಕ ಸಂಚಾರವನ್ನು, ಗಿಟಾರನ್ನು ಮುಟ್ಟದೆ, ಹಾಡಬೇಕು. ಆಮೇಲೆ ಕಣ್ಣು ಮುಚ್ಚಿ ಅದನ್ನು ತಂತಿಯ ಮೇಲೆ ಅರಸಬೇಕು. ಕಂಠ ಒರಟಾಗಿದ್ದರೆ ಚಿಂತೆಯಿಲ್ಲ. ಸಭೆಯಲ್ಲಿ ಹಾಡುವುದಕ್ಕಾಗಿ ಈ ಹಾಡಿಕೆಯಲ್ಲ, ಗುನುಗುವಷ್ಟಾದರೆ ಸಾಕು. ದಿನಕ್ಕೆ ಅರ್ಧ ಗಂಟೆಯಂತೆ ಕೆಲವು ವಾರ ಇದನ್ನು ನಡೆಯಿಸಿದಲ್ಲಿ, ಹಾಡುವುದು ಮತ್ತು ನುಡಿಸುವುದು ಒಟ್ಟಿಗೆ ಆಗತೊಡಗುತ್ತದೆ. ಕ್ರಮೇಣ ಹಾಡಿಕೆಯು ಮನಸ್ಸಿನೊಳಗೆ ಇಳಿದು, ಬೆರಳು ಮಾತ್ರ ಹೊರಗೆ ಕೇಳಿಸುತ್ತದೆ. ಅಮೆರಿಕದ ಜಾರ್ಜ್ ಬೆನ್ಸನ್ ಎಂಬ ವಾದಕನು ತನ್ನ ಸೋಲೋವನ್ನು ಬಾಯಿಂದ ಹಾಡುತ್ತಲೇ ಗಿಟಾರಿನಲ್ಲಿ ನುಡಿಸುವುದಕ್ಕೆ ಪ್ರಸಿದ್ಧನಾದವನು, ಬಿ. ಬಿ. ಕಿಂಗ್ ಒಂದು ಸಾಲನ್ನು ಹಾಡಿ ಮರುಸಾಲನ್ನು ಗಿಟಾರಿನಿಂದ ಹೇಳಿಸುತ್ತಿದ್ದನು. ಮಾರ್ಗ ಒಂದೇ ಎಂಬುದಕ್ಕೆ ಇವು ನಿದರ್ಶನ.

ಹಾಡಿಕೆಯಿಂದ ಇನ್ನೊಂದು ಪ್ರಯೋಜನವುಂಟು, ಅದನ್ನು ನಾನು ಎಲ್ಲಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ. ಗಾಯಕನಿಗೆ ಉಸಿರು ಮುಗಿಯುತ್ತದೆ, ಗಿಟಾರಿಗೆ ಮುಗಿಯುವುದಿಲ್ಲ. ಆದಕಾರಣವೇ ಹೊಸಬರ ಸೋಲೋಗಳು ಎಲ್ಲಿಯೂ ನಿಲ್ಲದೆ ಸುರಿಯುತ್ತ ಹೋಗಿ, ಕೇಳುವವನಿಗೆ ಯಾವುದೊಂದನ್ನೂ ಹಿಡಿದುಕೊಳ್ಳಲು ಅವಕಾಶ ಕೊಡುವುದಿಲ್ಲ. ಒಂದು ಉಸಿರಿನಲ್ಲಿ ಹಾಡಬಹುದಾದಷ್ಟನ್ನೇ ನುಡಿಸಿ, ಮುಂದಿನ ಉಸಿರನ್ನು ತೆಗೆದುಕೊಳ್ಳುವಷ್ಟು ಹೊತ್ತು ಕೈಯನ್ನು ತಂತಿಯಿಂದ ಎತ್ತಿಬಿಡುವ ನಿಯಮವನ್ನಿಟ್ಟುಕೊಂಡರೆ, ಮಾತಿಗೆ ವಾಕ್ಯಗಳಿರುವಂತೆ ವಾದನಕ್ಕೂ ವಾಕ್ಯಗಳು ತಾವಾಗಿ ಒದಗುತ್ತವೆ.

ಸ್ವರಗಳ ಅಭ್ಯಾಸವಾಯಿತು, ಆದರೆ ನುಡಿಸತಕ್ಕದ್ದು ಏನನ್ನು? ಮನೋಧರ್ಮವೆಂದರೆ ಶೂನ್ಯದಿಂದ ಏನನ್ನೋ ಹುಟ್ಟಿಸುವುದೆಂಬ ಭ್ರಾಂತಿ ಬಹು ಜನರಲ್ಲಿದೆ. ನಿಜಸ್ಥಿತಿಯಲ್ಲಿ ಅದು ಕೈಯಲ್ಲಿರುವ ಒಂದು ಚಿಕ್ಕ ವಸ್ತುವನ್ನು ಹಲವು ಕಡೆಯಿಂದ ತಿರುಗಿಸಿ ತೋರಿಸುವ ಕೆಲಸ. ಮುಂಡರಗಿ ತಾಲೂಕಿನ ಡಂಬಳಕ್ಕೆ ಹೋದವರು ಅಲ್ಲಿಯ ದೊಡ್ಡಬಸಪ್ಪನ ಗುಡಿಯನ್ನು ಸುತ್ತುಹಾಕಿ ನೋಡಿರಬಹುದು: ಕಲ್ಯಾಣದ ಚಾಲುಕ್ಯರ ಕಾಲದ ಆ ಗುಡಿಯ ಗರ್ಭಗೃಹದ ಹೊರಮೈಯು ಇಪ್ಪತ್ನಾಲ್ಕು ಮೂಲೆಗಳ ನಕ್ಷತ್ರದಂತಿದ್ದು, ನೋಡುವವನಿಗೆ ಬಹು ಜಟಿಲವೆಂದು ತೋರಿದರೂ, ಅದರ ವಿನ್ಯಾಸದ ಮೂಲದಲ್ಲಿರುವುದು ಒಂದೇ ಚೌಕ, ಆ ಚೌಕವನ್ನು ಅದರ ಮಧ್ಯಬಿಂದುವಿನ ಸುತ್ತ ಹದಿನೈದು ಡಿಗ್ರಿಗಳಂತೆ ತಿರುಗಿಸುತ್ತ ಹೋದಾಗ ಆರು ಚೌಕಗಳ ಮೂಲೆಗಳು ಸೇರಿ ಇಪ್ಪತ್ನಾಲ್ಕಾಗುತ್ತವೆ. ಒಳ್ಳೆಯ ಸೋಲೋ ಹುಟ್ಟುವ ಬಗೆಯೂ ಇಂತಹುದೇ. ಮೂರು ನಾಲ್ಕು ಸ್ವರಗಳ ಒಂದು ಪ್ರಯೋಗವೇ ಚೌಕ, ಷಡ್ಜವೇ ಕದಲದ ಮಧ್ಯಬಿಂದು, ವಾದಕನು ಮಾಡುವುದು ತಿರುಗಿಸುವ ಕೆಲಸ.

ತಿರುಗಿಸುವುದನ್ನು ಕಲಿಯಲು, ತನಗೆ ಚೆನ್ನಾಗಿ ಬರುವ ಒಂದು ಹಾಡಿನ ಧಾಟಿಯಿಂದ ತೊಡಗುವುದು ಒಳ್ಳೆಯದು. ಶಿಶುನಾಳ ಶರೀಫರ (1819–1889) ತತ್ತ್ವಪದಗಳಲ್ಲಿ ಯಾವುದಾದರೊಂದನ್ನು, ಅಥವಾ ಊರ ಭಜನೆಯಲ್ಲಿ ಕೇಳಿ ಕಿವಿಗೆ ಅಂಟಿದ ಒಂದು ವಚನದ ಧಾಟಿಯನ್ನು, ಒಂದು ಸ್ವರವನ್ನೂ ಬದಲಾಯಿಸದೆ ಗಿಟಾರಿನ ಮೇಲೆ ಕೂಡಿಸಬೇಕು. ಇದು ನೀರಸವೆನಿಸೀತು, ಆದರೂ ಬಿಡಬಾರದು, ಏಕೆಂದರೆ ಜನರ ನಾಲಗೆಯ ಮೇಲೆ ತಲೆಮಾರುಗಳ ಕಾಲ ಉಳಿದು ಬಂದ ಧಾಟಿಯಲ್ಲಿ ಏರಿಳಿತಗಳ ಒಂದು ನ್ಯಾಯವಿರುತ್ತದೆ. ಅನಂತರ ಪಲ್ಲವಿಯ ಆರಂಭವನ್ನು ಹಾಗೆಯೇ ಉಳಿಸಿಕೊಂಡು ಮುಕ್ತಾಯವನ್ನು ಮಾತ್ರ ಬದಲಿಸಿ ನೋಡಬೇಕು. ಮತ್ತೊಮ್ಮೆ ಮುಕ್ತಾಯವನ್ನುಳಿಸಿ ಆರಂಭವನ್ನು ಬದಲಿಸಬೇಕು. ಮಗುದೊಮ್ಮೆ ಸ್ವರಗಳನ್ನು ಬೇರೆ ಮಾಡಿ, ಅಕ್ಷರಗಳ ನಡೆಯನ್ನು ಮಾತ್ರ ಮೊದಲಿನಂತೆಯೇ ಇರಿಸಬೇಕು. ಪ್ರತಿಯೊಂದು ಸುತ್ತಿನ ಕೊನೆಗೂ ಪಲ್ಲವಿಯ ಮುಖಕ್ಕೆ, ಹಿಂದುಸ್ತಾನಿಯವರ ಭಾಷೆಯಲ್ಲಿ ಮುಖಡಾಕ್ಕೆ, ಮರಳಬೇಕು. ಹೋದವನು ಮರಳುವನೆಂಬ ನಂಬಿಕೆಯಿಂದಲೇ ಕೇಳುವವನು ಅವನೊಡನೆ ದೂರ ಹೋಗಲು ಒಪ್ಪುತ್ತಾನೆ.

ಇಲ್ಲಿ ಶಾಸ್ತ್ರದ ಒಂದು ಲೆಕ್ಕವನ್ನೂ ಹೇಳಬಹುದು. ಮೂರು ಸ್ವರಗಳನ್ನು ಆರು ವಿಧವಾಗಿಯೂ, ನಾಲ್ಕನ್ನು 24 ವಿಧವಾಗಿಯೂ, ಐದನ್ನು 120 ವಿಧವಾಗಿಯೂ ಹಿಂದುಮುಂದಾಗಿಸಬಹುದು. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದಲ್ಲಿ ಖಂಡಮೇರುವೆಂಬ ಹೆಸರಿನಿಂದ ಈ ಪ್ರಸ್ತಾರವನ್ನು ವಿವರಿಸಿದ್ದಾನೆ, ಮತ್ತು ಇಂದೂರಿನ ಅಮೀರ್ ಖಾನರು ತಮ್ಮ ಗಾಯನದಲ್ಲಿ ಅದನ್ನು ಮೇರುಖಂಡವೆಂದು ಬಳಸಿ ಬೆಳಗಿಸಿದರು. ಸಾ ರೇ ಗಾ ಎಂಬ ಮೂರರ ಆರು ರೂಪಗಳನ್ನು ಬೆರಳಿಗೆ ಕಲಿಸುವುದರಲ್ಲಿ ಬಹಳ ಹಿತವಿದೆ. ಐದರ ನೂರಿಪ್ಪತ್ತನ್ನು ಉರುಹೊಡೆಯುವುದು ಮಾತ್ರ, ನನ್ನ ಮಟ್ಟಿಗೆ, ವ್ಯಾಯಾಮಶಾಲೆಯ ವಿಷಯ.

ಲೆಕ್ಕದಿಂದ ಸಿಗದೆ ಇರುವುದು ನ್ಯಾಸ, ಎಂದರೆ ಯಾವ ಸ್ವರದ ಮೇಲೆ ತಂಗಬೇಕೆಂಬ ವಿವೇಕ. ಭೂಪಿಗೂ ದೇಶಕಾರಕ್ಕೂ ಸ್ವರಗಳು ಅವೇ ಐದು. ಆದರೆ ಭೂಪಿನಲ್ಲಿ ಗಾಂಧಾರವು ವಾದಿ, ಎಂದರೆ ಪ್ರಧಾನ ಸ್ವರ; ಧೈವತವು ಅದಕ್ಕೆ ಎರಡನೆಯದಾದ ಸಂವಾದಿ. ದೇಶಕಾರದಲ್ಲಿ ಧೈವತವೇ ವಾದಿಯಾಗಿ ಗಾಂಧಾರವು ಹಿಂದೆ ಸರಿಯುತ್ತದೆ. ಅಷ್ಟರಿಂದಲೇ ಒಂದು ರಾತ್ರಿಯ ಮೊದಲ ಪ್ರಹರದ ರಾಗವಾಗಿ ಶಾಂತವಾಗಿ ಕೆಳಗೆ ಒರಗಿದರೆ, ಇನ್ನೊಂದು ಮುಂಜಾನೆಯ ರಾಗವಾಗಿ ಮೇಲಿನ ಸ್ವರಗಳಲ್ಲಿ ಉಲ್ಲಸಿತವಾಗುತ್ತದೆ. ಒಂದು ದಿನ ಎಲ್ಲ ಸಂಚಾರಗಳನ್ನೂ ಗಾಂಧಾರದಲ್ಲಿ ಮುಗಿಸಿ, ಮರುದಿನ ಎಲ್ಲವನ್ನೂ ಧೈವತದಲ್ಲಿ ಮುಗಿಸಿ, ಎರಡನ್ನೂ ಮೊಬೈಲಿನಲ್ಲಿ ಮುದ್ರಿಸಿಕೊಂಡು ಕೇಳಿದರೆ, ಸ್ವರಪಟ್ಟಿಗೂ ರಾಗಕ್ಕೂ ಇರುವ ಅಂತರವು ಯಾವ ಗ್ರಂಥದ ಸಹಾಯವೂ ಇಲ್ಲದೆ ಮನದಟ್ಟಾಗುವುದು. ಗದಗ ಜಿಲ್ಲೆಯ ರೋಣದಲ್ಲಿ 1922ರಲ್ಲಿ ಹುಟ್ಟಿ, ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತ ಭೀಮಸೇನ ಜೋಶಿಯವರ ಒಂದು ವಿಲಂಬಿತ ಖ್ಯಾಲನ್ನು ಕೈಯಲ್ಲಿ ಗಿಟಾರಿಲ್ಲದೆ ಕುಳಿತು ಕೇಳಿರಿ. ಅವರ ಕಿರಾಣಾ ಪರಂಪರೆಯವರು ಒಂದು ಸ್ವರಕ್ಕೆ ನೇರವಾಗಿ ಹೋಗದೆ, ಅದರ ಅಂಚಿನವರೆಗೆ ಹೋಗಿ ಮರಳಿ, ಕೇಳುವವನು ಅದಕ್ಕಾಗಿ ಹಂಬಲಿಸುವಂತೆ ಮಾಡಿದ ಮೇಲೆಯೇ ಅದನ್ನು ತೆರೆದಿಡುತ್ತಾರೆ. ಗಿಟಾರಿನ ವಿದ್ಯಾರ್ಥಿಗೆ ಇದಕ್ಕಿಂತ ಉತ್ತಮವಾದ ಪಾಠವಿಲ್ಲ.

ಆದರೆ ಗಿಟಾರು ಮೆಟ್ಟುಗಳ ವಾದ್ಯ; ಅದರಲ್ಲಿ ಮೀಂಡ್, ಎಂದರೆ ಸ್ವರದಿಂದ ಸ್ವರಕ್ಕೆ ಕಡಿಯದೆ ಜಾರುವ ನಡೆ, ಹೇಗೆ ಬಂದೀತೆಂದು ಕೇಳುವವರುಂಟು. ಅಳತೆ ಮಾಡಿ ಕಟ್ಟಿದ ಮನೆಗಳುಳ್ಳ ಹಾರ್ಮೋನಿಯಂ ಮೇಲೆ ಇದೇ ಆಕ್ಷೇಪವನ್ನು ಹೊರಿಸಿ ಆಕಾಶವಾಣಿಯು 1940ರಲ್ಲಿ ಅದನ್ನು ಬಹಿಷ್ಕರಿಸಿ, 1970ರ ದಶಕದವರೆಗೂ ಹೊರಗಿಟ್ಟಿತ್ತು. ಅಷ್ಟೂ ಕಾಲ ನಮ್ಮ ಕಂಪನಿ ನಾಟಕಗಳ ಪೇಟಿ ಮಾಸ್ತರರು ಆ ಮನೆಗಳಿಂದಲೇ ರಂಗಗೀತೆಗಳಿಗೆ ಜೀವ ತುಂಬುತ್ತಿದ್ದರು. ಮೀಂಡಿಲ್ಲದಿದ್ದರೂ ಸಂಗೀತ ಸಾಧ್ಯವೆಂಬುದಕ್ಕೆ ಪೇಟಿಯೇ ಸಾಕ್ಷಿ. ಗಿಟಾರಿನ ಭಾಗ್ಯವೆಂದರೆ ಅದು ಪೇಟಿಗೂ ಸಿತಾರಿಗೂ ನಡುವೆ ನಿಂತಿರುವುದು: ಬೆರಳಿನಿಂದ ತಂತಿಯನ್ನು ಅಡ್ಡಕ್ಕೆ ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಏರಿಸಬಹುದು. ಋಷಭದ ಐದನೆಯ ಮೆಟ್ಟಿನಿಂದ ಗಾಂಧಾರಕ್ಕೆ ಎಳೆಯುವ ಮುನ್ನ, ಏಳನೆಯ ಮೆಟ್ಟಿನಲ್ಲಿ ಗಾಂಧಾರವನ್ನು ನುಡಿಸಿ, ಹಾಡಿ, ಕಿವಿಯಲ್ಲಿ ನಿಲ್ಲಿಸಿಕೊಂಡು, ಆಮೇಲೆ ಎಳೆಯತಕ್ಕದ್ದು. ಗುರಿ ಕಾಣದೆ ಎಳೆದ ತಂತಿಯು ಯಾವಾಗಲೂ ಒಂದಿಷ್ಟು ತಗ್ಗಿಯೇ ನಿಲ್ಲುವುದು. ಇದಕ್ಕೆ ತೆಳುವಾದ ಉಕ್ಕಿನ ತಂತಿಗಳು ಬೇಕು. ಮರದ ಪೆಟ್ಟಿಗೆಯ ಅಕೌಸ್ಟಿಕ್ ಗಿಟಾರುಗಳಲ್ಲಿ ಮೂರನೆಯ ತಂತಿಗೆ ಸಾಮಾನ್ಯವಾಗಿ ಸುರುಳಿ ಸುತ್ತಿರುವುದರಿಂದ ಅದು ಎಳೆತಕ್ಕೆ ಬಗ್ಗುವುದಿಲ್ಲ. ಎರಡನೆಯ ತಂತಿಯನ್ನು ನಾವು ಆರಿಸಿಕೊಂಡುದಕ್ಕೆ ಇದೂ ಒಂದು ಕಾರಣ.

ಮೆಟ್ಟುಗಳ ಸ್ವರಸ್ಥಾನವೂ ತಂಬೂರಿಯ ಸಹಜ ಸ್ವರದೊಡನೆ ಪೂರ್ಣವಾಗಿ ಮೇಳವಾಗುವುದಿಲ್ಲವೆಂಬುದನ್ನು ಕಿವಿ ಬಲಿತವರು ಗುರುತಿಸುತ್ತಾರೆ. ಅರ್ಧಸ್ವರವೊಂದನ್ನು ನೂರು ಭಾಗ ಮಾಡಿದರೆ, ಗಿಟಾರಿನ ಶುದ್ಧ ಗಾಂಧಾರವು ಸಹಜ ಗಾಂಧಾರಕ್ಕಿಂತ ಸುಮಾರು 14 ಭಾಗ ಮೇಲಿದೆ; ಕೋಮಲ ಗಾಂಧಾರವು ಸುಮಾರು 16 ಭಾಗ ಕೆಳಗಿದೆ. ಎಳೆದ ತಂತಿ ಏರಬಲ್ಲುದೇ ಹೊರತು ಇಳಿಯಲಾರದು. ಆದ್ದರಿಂದ ಶುದ್ಧ ಗಾಂಧಾರದ ಮೇಲೆ ದೀರ್ಘವಾಗಿ ನಿಲ್ಲಬೇಕಾದಲ್ಲಿ ಅದನ್ನು ನೇರವಾಗಿ ಒತ್ತದೆ ಋಷಭದಿಂದ ಎಳೆದು, ತಂಬೂರಿಯಲ್ಲಿ ಕರಗಿದೊಡನೆ ನಿಲ್ಲಿಸಬೇಕು. ಧಾನಿಯ ಕೋಮಲ ಗಾಂಧಾರವನ್ನಾದರೆ ಆರನೆಯ ಮೆಟ್ಟಿನಲ್ಲಿ ಒತ್ತಿ ಕೂದಲೆಳೆಯಷ್ಟು ಮೇಲಕ್ಕೆ ನೂಕಿದರೆ ಸಾಕು, ಅದರ ಕಾರುಣ್ಯವೇ ಬೇರೆಯಾಗುತ್ತದೆ. ಮೆಟ್ಟುಗಳ ಹಂಗನ್ನೇ ತೊರೆಯಬಯಸುವವರು ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ಉಕ್ಕಿನ ಕಂಬಿಯಿಂದ ನುಡಿಸುವ ಪದ್ಧತಿಗೆ ಹೋಗಬಹುದು. ಜೋಧಪುರದ ಬ್ರಿಜಭೂಷಣ ಕಾಬ್ರಾ ಅದನ್ನು ಶಾಸ್ತ್ರೀಯ ಸಂಗೀತಕ್ಕೆ ಒಗ್ಗಿಸಿದರು. ವಿಶ್ವಮೋಹನ ಭಟ್ಟರು ತರಬ್ ತಂತಿಗಳನ್ನು ಸೇರಿಸಿ ಮೋಹನವೀಣೆಯೆಂದು ಹೆಸರಿಟ್ಟು, ಅಮೆರಿಕದ ರೈ ಕೂಡರನೊಡನೆ ಹೆಚ್ಚಿನ ಪೂರ್ವಸಿದ್ಧತೆಯಿಲ್ಲದೆ ಕುಳಿತು ನುಡಿಸಿದ ಧ್ವನಿಮುದ್ರಿಕೆಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನು ಪಡೆದರು. ನಮ್ಮ ಬೆಂಗಳೂರಿನಲ್ಲಿ ಪ್ರಕಾಶ ಸೊಂಟಕ್ಕೆಯವರು ಈ ಪದ್ಧತಿಯ ವಾದಕರು, ಅವರು ಗಾಯಕರೂ ಹೌದೆಂಬುದು ಆಕಸ್ಮಿಕವಲ್ಲ.

ಭಾವಗೀತೆಗೋ ಚಿತ್ರಗೀತೆಗೋ ಸೋಲೋ ನುಡಿಸುವವನಿಗೆ ಕಾರ್ಡುಗಳ ಲಕ್ಷ್ಯವೂ ಬೇಕು. ಖ್ಯಾಲಿನಲ್ಲಿ ಷಡ್ಜವು ಕೊನೆಯವರೆಗೂ ಕದಲುವುದಿಲ್ಲ. ಇಲ್ಲಿ ಕೆಳಗಿನ ನೆಲವೇ ಆಗಾಗ ಸರಿಯುತ್ತದೆ. ಡಿ, ಬಿ ಮೈನರ್, ಜಿ, ಎ ಎಂಬ ನಾಲ್ಕು ಕಾರ್ಡುಗಳು ಸುತ್ತುತ್ತಿವೆಯೆಂದುಕೊಳ್ಳಿ. ಭೂಪಿನ ಐದು ಸ್ವರಗಳಲ್ಲಿಯೇ ಇದ್ದುಕೊಂಡು, ಡಿ ಬಂದಾಗ ಷಡ್ಜ, ಗಾಂಧಾರ, ಪಂಚಮಗಳಲ್ಲಿ ಒಂದರ ಮೇಲೂ, ಬಿ ಮೈನರ್ ಬಂದಾಗ ಧೈವತದ ಮೇಲೂ, ಜಿ ಬಂದಾಗ ಧೈವತ ಅಥವಾ ಷಡ್ಜದ ಮೇಲೂ, ಎ ಬಂದಾಗ ಪಂಚಮ ಅಥವಾ ಋಷಭದ ಮೇಲೂ ತಂಗಿದರೆ ವಾದನವು ಹಾಡಿನೊಡನೆ ಬೆಸೆದುಕೊಳ್ಳುವುದು. ಗೆಳೆಯನೊಬ್ಬನಿಂದ ಈ ಸುತ್ತನ್ನು ನುಡಿಸಿ ಮುದ್ರಿಸಿಕೊಂಡು, ಮೊದಲು ಪ್ರತಿ ಕಾರ್ಡಿಗೂ ಒಂದೇ ಒಂದು ಸ್ವರವನ್ನು ನುಡಿಸುತ್ತ, ಆ ನಾಲ್ಕು ಸ್ವರಗಳೇ ಒಂದು ಧಾಟಿಯೆನಿಸುವವರೆಗೆ ಬದಲಿಸುತ್ತ ಹೋಗಬೇಕು. ಅನಂತರವಷ್ಟೇ ಅವುಗಳ ನಡುವೆ ಸೇತುವೆ ಕಟ್ಟುವ ಕೆಲಸ.

ಲಯದ ಮಾತು. ನಾಲ್ಕು ನಾಲ್ಕು ಎಣಿಕೆಯ ನಾಲ್ಕು ಗೆರೆಗಳು ಕೂಡಿದರೆ ಹದಿನಾರು ಮಾತ್ರೆಯ ಒಂದು ತೀನತಾಲದ ಆವರ್ತವಾಗುತ್ತದೆ. ಎಂಟು ಮಾತ್ರೆ ನುಡಿಸಿ ಎಂಟು ಮಾತ್ರೆ ಸುಮ್ಮನಿರುವುದು ಮೊದಲ ಅಭ್ಯಾಸ, ಮತ್ತು ಸುಮ್ಮನಿರುವ ಭಾಗವೇ ಕಠಿಣ. ಸೋಲೋವನ್ನು ಮುಗಿಸುವುದಕ್ಕೆ ನಮ್ಮವರ ತಿಹಾಯಿಗಿಂತ ಗಟ್ಟಿಯಾದ ಉಪಾಯ ಬೇರೆಯಿಲ್ಲ. ಒಂಬತ್ತನೆಯ ಮಾತ್ರೆಯಾದ ಖಾಲಿಯಲ್ಲಿ ತೊಡಗಿ, ಮಾತ್ರೆಗೊಂದರಂತೆ ಗಾ ರೇ ಸಾ ಎಂಬ ಮೂರು ಸ್ವರಗಳನ್ನು ಎಡೆಬಿಡದೆ ಮೂರು ಸಲ ನುಡಿಸಿದರೆ, ಕಡೆಯ ಷಡ್ಜವು ಮುಂದಿನ ಆವರ್ತದ ಸಮ್ಮಿನ, ಎಂದರೆ ಮೊದಲ ಮಾತ್ರೆಯ, ಮೇಲೆ ಸರಿಯಾಗಿ ಬಂದು ಬೀಳುತ್ತದೆ. ಕೈಯಲ್ಲಿ ತಾಳ ಹಾಕುತ್ತ ಇದನ್ನು ಬಾಯಿಂದ ಹೇಳಿ ನೋಡಿದರೆ ಲೆಕ್ಕ ತಾನೇ ತಿಳಿಯುವುದು.

ಇಷ್ಟಾದ ಮೇಲೆ ಒಂಟಿಯಾಗಿ ಕೋಣೆಯಲ್ಲಿ ಕುಳಿತಿರದೆ ಸಾಥಿಗೆ ಹೋಗಬೇಕು. ನಮ್ಮ ಕಡೆಯ ಊರುಗಳಲ್ಲಿ ಗಿಟಾರಿನ ಗುರು ದೊರೆಯದಿರಬಹುದು, ಭಜನೆಯ ಪೇಟಿ ಮಾಸ್ತರರಿಗೆ ಕೊರತೆಯಿಲ್ಲ. ಅವರು ಗಾಯಕನ ಸಾಲಿನ ಬಾಲವನ್ನು ಹಿಡಿದು ಅದನ್ನೇ ತುಸು ಮಾರ್ಪಡಿಸಿ ಮರುನುಡಿಯುವ ಕ್ರಮವನ್ನು ಪಕ್ಕದಲ್ಲಿ ಕುಳಿತು ಗಮನಿಸಬೇಕು. ಹೋದೊಡನೆ ಶ್ರುತಿ ಯಾವುದೆಂದು ಕೇಳಿಕೊಳ್ಳಿ. ಪೇಟಿಯ ಬಿಳಿ ಎರಡು ಎಂದರೆ ಅದು ಡಿ, ನಮ್ಮ ಷಡ್ಜವೇ. ಕರಿ ಎರಡು ಎಂದರೆ ಕೇಪೋವನ್ನು ಮೊದಲನೆಯ ಮೆಟ್ಟಿಗೆ ಹಾಕಿ ಎಲ್ಲವನ್ನೂ ಒಂದೊಂದು ಮೆಟ್ಟು ಮೇಲೆ ಎಣಿಸಿದರಾಯಿತು. ಕರಿ ಒಂದು ಎಂದರೆ ಆರೂ ತಂತಿಗಳನ್ನು ಅರ್ಧಸ್ವರ ಇಳಿಸಬೇಕಾಗುವುದರಿಂದ ಹಾಡು ಆರಂಭವಾಗುವುದಕ್ಕೆ ಮೊದಲೇ ಇಳಿಸಿಟ್ಟುಕೊಳ್ಳಿ. ಮೊದಲ ದಿನಗಳಲ್ಲಿ ಚರಣ ಮುಗಿದಲ್ಲಿ ಒಂದೇ ಒಂದು ಆವರ್ತವನ್ನು ಕೇಳಿ ಪಡೆದು, ಅದರೊಳಗೆ ಪಲ್ಲವಿಯ ಧಾಟಿಯನ್ನೇ ಅಲ್ಪ ವ್ಯತ್ಯಾಸದೊಡನೆ ನುಡಿಸಿ, ಸಮ್ಮಿಗೆ ಸರಿಯಾಗಿ ಹಾಡನ್ನು ಹಾಡುವವರಿಗೆ ಒಪ್ಪಿಸಿಬಿಡಿ; ಎರಡನೆಯ ಆವರ್ತವನ್ನು ಮಾಸ್ತರರೇ ಕಣ್ಸನ್ನೆಯಿಂದ ಕೊಡುತ್ತಾರೆ.